ಇಂಟರ್ನೆಟ್ ಚಟದ ಪ್ರಶ್ನಾವಳಿ ಅಳೆಯುವುದು ಏನನ್ನು?

2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ವರ್ಷ ತುಂಬದವರು ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ತಡೆಯಲು ತಕ್ಕ ಕ್ರಮ ಕೈಗೊಳ್ಳದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ಬೀಳಬಹುದು. ಚೀನಾ 2021ರಲ್ಲೇ ಅಪ್ರಾಪ್ತರ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಹಾಗೂ ರಜಾದಿನಗಳ ರಾತ್ರಿ 8ರಿಂದ 9ರವರೆಗಿನ ಒಂದು ಗಂಟೆಗೆ ಇಳಿಸಿತ್ತು. ಅಮೆರಿಕದ ಹತ್ತಾರು ರಾಜ್ಯಗಳು 2023ರ ಅಕ್ಟೋಬರ್‌ನಲ್ಲಿ ಮೆಟಾ ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆದವು. ಮಕ್ಕಳಿಗೆ ಚಟ ಹತ್ತುವಂತೆಯೇ ಅದರ ತಾಣಗಳನ್ನು ರೂಪಿಸಲಾಗಿದೆ ಎಂಬುದು ಆರೋಪ.

ಇವನ್ನೆಲ್ಲ ಓದಿದವರು, ಇಂಟರ್ನೆಟ್ ಚಟ ಎಂಬುದು ವೈದ್ಯಶಾಸ್ತ್ರ ಒಪ್ಪಿ ಮುದ್ರೆ ಒತ್ತಿದ ಕಾಯಿಲೆ ಎಂದುಕೊಂಡರೆ ಅವರದೇನೂ ತಪ್ಪಿಲ್ಲ. ಆದರೆ ಮನೋವೈದ್ಯರು ಬಳಸುವ ಎರಡು ಮುಖ್ಯ ಕೈಪಿಡಿಗಳಲ್ಲಿ ಆ ಹೆಸರಿನ ಕಾಯಿಲೆಯೇ ಇಲ್ಲ. ಕಾಯಿಲೆಯ ಹೆಸರಿಲ್ಲದಿದ್ದರೂ ಅದನ್ನು ಅಳೆಯುವ ಪ್ರಶ್ನಾವಳಿಗಳಿಗೆ ಬರವಿಲ್ಲ. ಚಿಕಿತ್ಸೆಗೋ ಆಪ್ತಸಮಾಲೋಚನೆಗೋ ಬರುವ ಪ್ರತಿಯೊಬ್ಬರ ಕೈಗೂ ಇಂಥದೊಂದು ಹಾಳೆ ಕೊಟ್ಟು ಅಂಕ ಹಾಕಬೇಕೆ ಎಂಬ ವಾದ ವೃತ್ತಿಯವರ ನಡುವೆ ವರ್ಷಗಳಿಂದ ನಡೆದಿದೆ. ಕಾನೂನುಗಳು ಮುಂದೆ ಓಡಿರುವುದರಿಂದ ಅದಕ್ಕೆ ಈಗ ಕಾವು ಬಂದಿದೆ.

ಅಣಕವಾಗಿ ಹುಟ್ಟಿದ ಹೆಸರು

1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್ ‘ಇಂಟರ್ನೆಟ್ ಚಟದ ಕಾಯಿಲೆ’ ಎಂದು ಹೆಸರಿಟ್ಟು ಅದರ ಲಕ್ಷಣಗಳ ಪಟ್ಟಿಯೊಂದನ್ನು ಬರೆದರು. ಮನೋವೈದ್ಯಕೀಯ ಕೈಪಿಡಿಯ ಬಿಗಿಯಾದ ಭಾಷೆಯನ್ನು ಅಣಕಿಸುವುದಷ್ಟೇ ಅವರ ಉದ್ದೇಶವಾಗಿತ್ತು. ಓದಿದ ಕೆಲವರು ಇದು ತಮ್ಮದೇ ಕಥೆ ಎಂದು ಗಂಭೀರವಾಗಿ ಮುಂದೆ ಬಂದರು. ಮರುವರ್ಷ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಅದೇ ವಿಷಯವನ್ನು ತಮಾಷೆಯ ಸೋಂಕಿಲ್ಲದೆ ಕೈಗೆತ್ತಿಕೊಂಡರು. ಜೂಜಿನ ಚಟಕ್ಕೆ ಇದ್ದ ಮಾನದಂಡಗಳನ್ನು ಇಂಟರ್ನೆಟ್ಟಿಗೆ ಹೊಂದಿಸಿ 8 ಪ್ರಶ್ನೆ ರೂಪಿಸಿದರು. ಐದಕ್ಕೆ ಹೌದು ಎಂದರೆ ಚಟ. ಮುಂದೆ ಅದು 20 ಪ್ರಶ್ನೆಗಳ, 100 ಅಂಕಗಳ ಪರೀಕ್ಷೆಯಾಗಿ ಬೆಳೆದು ಹತ್ತಾರು ಭಾಷೆಗಳಿಗೆ ಹೋಯಿತು. 50 ದಾಟಿದರೆ ತೊಂದರೆ, 80 ಮುಟ್ಟಿದರೆ ಗಂಭೀರ ತೊಂದರೆ ಎಂಬ ಗೆರೆಗಳು ಬಂದದ್ದು ಅಲ್ಲಿಂದ.

ಇಂದಿನ ಹೆಚ್ಚಿನ ಗೊಂದಲಗಳಿಗೆ ಬೇರು ಇಲ್ಲೇ ಇದೆ. ಜೂಜು ಒಂದು ಕೆಲಸ. ಆಡಬಹುದು, ಬಿಡಬಹುದು, ಕಳೆದ ಹಣವನ್ನು ಎಣಿಸಬಹುದು. ಇಂಟರ್ನೆಟ್ ಹಾಗಲ್ಲ. ಅದು ಕಚೇರಿಯೂ ಹೌದು, ಅಂಚೆಯೂ ಹೌದು, ಜೂಜುಕಟ್ಟೆಯೂ ಹೌದು. ಒಂದು ಜಾಗದ ಅಳತೆಗೋಲನ್ನು ಇಡೀ ಊರಿಗೆ ಹಿಡಿದಂತಾಯಿತು.

ಕೈಪಿಡಿಗಳ ನಿಲುವು

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಜೂಜಿನ ಚಟವನ್ನು ಮದ್ಯ, ಮಾದಕವಸ್ತುಗಳ ಅಧ್ಯಾಯದೊಳಕ್ಕೆ ತಂದಿತು. ಯಾವ ವಸ್ತುವೂ ದೇಹಕ್ಕೆ ಹೋಗದೆ ಬರೀ ವರ್ತನೆಯೂ ಚಟವಾಗಬಲ್ಲದು ಎಂದು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಆದರೆ ಇಂಟರ್ನೆಟ್ಟನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ‘ಇಂಟರ್ನೆಟ್ ಗೇಮಿಂಗ್ ಕಾಯಿಲೆ’ಯೊಂದನ್ನು ಮಾತ್ರ ‘ಇನ್ನೂ ಅಧ್ಯಯನ ಆಗಬೇಕಾದವು’ ಎಂಬ ಹಿಂದಿನ ವಿಭಾಗದಲ್ಲಿ ಕೂರಿಸಿತು. ಅದಕ್ಕೆ 9 ಲಕ್ಷಣಗಳು. 12 ತಿಂಗಳಲ್ಲಿ ಐದು ಕಾಣಬೇಕು.

ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 2022ರ ಜನವರಿ 1ರಂದು ಜಾರಿಗೆ ಬಂದ ಅದರ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆ ಪೂರ್ಣ ಸ್ಥಾನ ಪಡೆದಿದೆ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಹಾನಿ ಕಣ್ಣಿಗೆ ಕಂಡರೂ ಮುಂದುವರಿದಿರಬೇಕು. ಇದರಿಂದ ಮನೆ, ಓದು, ಕೆಲಸ ನಿಜಕ್ಕೂ ಕೆಟ್ಟಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ದಿನಕ್ಕೆ ಎಷ್ಟು ಗಂಟೆ ಎಂಬ ಮಾತು ಈ ವ್ಯಾಖ್ಯೆಯಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. ರೀಲ್ಸ್ ನೋಡುವುದು, ಜಾಲತಾಣಗಳಲ್ಲಿ ಮುಳುಗುವುದು, ಆನ್‌ಲೈನ್ ಖರೀದಿ ಇವಕ್ಕೆ ಅಲ್ಲೂ ಪ್ರತ್ಯೇಕ ಹೆಸರಿಲ್ಲ.

ಕನ್ನಡದಲ್ಲಿ ಇದರ ಮೇಲೆ ಇನ್ನೊಂದು ತೊಡಕು. ಚಟ, ಗೀಳು, ಹುಚ್ಚು ಮೂರನ್ನೂ ನಾವು ಒಂದೇ ಉಸಿರಿನಲ್ಲಿ ಬಳಸುತ್ತೇವೆ. ವೈದ್ಯರ ಬಾಯಲ್ಲಿ ಗೀಳು ಕಾಯಿಲೆ ಎಂದರೆ, ಬೇಡವೆಂದರೂ ನುಗ್ಗುವ ಯೋಚನೆಯಿಂದ ಬಿಡಿಸಿಕೊಳ್ಳಲು ಮತ್ತೆ ಮತ್ತೆ ಕೈ ತೊಳೆಯುವಂಥದ್ದು, ಅದರಲ್ಲಿ ಸುಖವಿಲ್ಲ. ಚಟ ಕನಿಷ್ಠ ಆರಂಭದಲ್ಲಾದರೂ ಸುಖ ಕೊಟ್ಟಿರುತ್ತದೆ. ಎರಡಕ್ಕೂ ಚಿಕಿತ್ಸೆಯ ದಾರಿ ಬೇರೆ. ಹಾಗಾಗಿ ‘ಮೊಬೈಲ್ ಗೀಳು’ ಎಂದು ಯಾರಾದರೂ ಹೇಳಿದಾಗ ಕೇಳುವವರು ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಕೇಳಲೇಬೇಕು ಎನ್ನುವವರು

ತಪಾಸಣೆ ಬೇಕು ಎನ್ನುವವರ ವಾದ ಸರಳವಾಗಿದೆ. ನಿದ್ದೆ ಬರುವುದಿಲ್ಲ, ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ, ಗಂಡ ಹೆಂಡತಿಗೆ ಹೊಂದಿಕೆಯಿಲ್ಲ ಎಂದು ಬರುತ್ತಾರೆ. ರಾತ್ರಿ 3ರವರೆಗೆ ಫೋನಿನಲ್ಲಿ ಇದ್ದೆ ಎಂಬುದನ್ನು ತಾವಾಗಿ ಹೇಳುವುದು ಅಪರೂಪ. ಕೆಲವರಿಗೆ ನಾಚಿಕೆ. ಬಹಳ ಜನರಿಗೆ ಅದು ಹೇಳುವ ವಿಷಯ ಎಂದೇ ಅನಿಸುವುದಿಲ್ಲ. ಉಸಿರಾಡುವುದನ್ನು ಯಾರು ವರದಿ ಮಾಡುತ್ತಾರೆ? ಕೇಳದಿದ್ದರೆ ನಿದ್ದೆಗೆ ಮಾತ್ರೆ ಹೋಗುತ್ತದೆ, ಕಾರಣ ದಿಂಬಿನ ಪಕ್ಕದಲ್ಲೇ ಉಳಿಯುತ್ತದೆ. ಕುಡಿತದ ಬಗ್ಗೆಯೂ ಒಂದು ಕಾಲಕ್ಕೆ ಹೀಗೇ ಮುಜುಗರವಿತ್ತು. ನಾಲ್ಕೇ ಪ್ರಶ್ನೆಗಳ ಚಿಕ್ಕ ತಪಾಸಣೆಗಳು ಬಂದ ಮೇಲೆ ಅದನ್ನು ಎಲ್ಲರಲ್ಲೂ ಕೇಳುವುದು ಸಹಜವಾಯಿತು.

ಪತ್ತೆಯಾದರೆ ಮಾಡುವುದೇನು ಎಂಬುದಕ್ಕೂ ಅವರಲ್ಲಿ ಉತ್ತರವಿದೆ. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ 143 ಗಂಡಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಂಟರ್ನೆಟ್ ಮತ್ತು ಗೇಮಿಂಗ್ ಚಟಕ್ಕೆಂದೇ ರೂಪಿಸಿದ ಚಿಂತನೆ–ವರ್ತನೆ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 69ರಷ್ಟು ಮಂದಿ ಚಟದ ಮಟ್ಟದಿಂದ ಕೆಳಗಿಳಿದರು. ಸರದಿಗೆ ಕಾಯುತ್ತಿದ್ದವರಲ್ಲಿ ಹಾಗಾದದ್ದು ಸುಮಾರು ಶೇ 24. ಒಳ್ಳೆಯ ಫಲಿತಾಂಶವೇ. ಹೆಂಗಸರು ಅದರಲ್ಲಿ ಇರಲಿಲ್ಲ ಎಂಬುದನ್ನೂ, ಹೋಲಿಕೆ ಮಾಡಿದ್ದು ಬೇರೊಂದು ಚಿಕಿತ್ಸೆಯೊಂದಿಗಲ್ಲ, ಕಾಯುವವರೊಂದಿಗೆ ಎಂಬುದನ್ನೂ ಜೊತೆಗೇ ನೆನಪಿಡಬೇಕು.

ಈ ಪಕ್ಷದ ಅತ್ಯಂತ ಗಟ್ಟಿ ವಾದ ಚಟದ ಕುರಿತೇ ಅಲ್ಲ. ಆನ್‌ಲೈನ್ ಬದುಕಿನ ಬಗ್ಗೆ ಕೇಳಿದಾಗ ಬೇರೆ ಸಂಗತಿಗಳು ಹೊರಬರುತ್ತವೆ: ಆನ್‌ಲೈನ್ ಜೂಜಿನ ಸಾಲ, ಖಾಸಗಿ ಚಿತ್ರ ಹಿಡಿದು ಬೆದರಿಸುತ್ತಿರುವ ಅಪರಿಚಿತ, ಸಹಪಾಠಿಗಳ ಗುಂಪಿನಲ್ಲಿ ದಿನವೂ ನಡೆಯುವ ಅವಮಾನ, ತನಗೆ ತಾನೇ ಗಾಯ ಮಾಡಿಕೊಳ್ಳುವುದನ್ನು ಹುಡುಕಿದ ರಾತ್ರಿ. ಇವುಗಳಲ್ಲಿ ಕೆಲವು ಒಂದು ವಾರವೂ ಕಾಯುವ ವಿಷಯಗಳಲ್ಲ.

ಅಳತೆಗೋಲಿನ ಮೇಲೆ ಅನುಮಾನ

ಬೇಡ ಎನ್ನುವವರು ತೊಂದರೆಯೇ ಇಲ್ಲ ಎನ್ನುತ್ತಿಲ್ಲ. ಅವರ ಜಗಳ ಅಳತೆಗೋಲಿನ ಜೊತೆ. ಯಂಗ್ ಅವರ 20 ಪ್ರಶ್ನೆಗಳಲ್ಲಿ ಒಂದು, ಮಾಡಬೇಕಾದ ಬೇರೆ ಕೆಲಸಕ್ಕಿಂತ ಮೊದಲು ಇಮೇಲ್ ನೋಡುತ್ತೀರಾ ಎಂದು ಕೇಳುತ್ತದೆ. ಇಂಟರ್ನೆಟ್ಟಿಗೆ ಫೋನ್ ತಂತಿಯ ಮೂಲಕ ಹೋಗಬೇಕಿದ್ದ 1998ರಲ್ಲಿ ಅದಕ್ಕೆ ಅರ್ಥವಿತ್ತು. ಇಂದು ಕಚೇರಿಯಲ್ಲಿ ಹಾಗೆ ನೋಡದವರಿಗೇ ನೋಟಿಸ್ ಬರುತ್ತದೆ. ಆನ್‌ಲೈನ್‌ನಲ್ಲಿ ಹೊಸ ಸ್ನೇಹ ಮಾಡಿಕೊಳ್ಳುತ್ತೀರಾ ಎಂಬ ಇನ್ನೊಂದು ಪ್ರಶ್ನೆಗೂ ಅಂಕವಿದೆ. ಊರಲ್ಲಿ ತನ್ನಂಥವರು ಯಾರೂ ಸಿಗದ ಒಂಟಿ ಹುಡುಗನಿಗೆ ಅದೇ ಔಷಧವಾಗಿರಬಹುದು. ಹಾಳೆಯಲ್ಲಿ ಅದೂ ರೋಗದ ಖಾತೆಗೇ ಜಮೆ.

ಡಿಎಸ್‌ಎಂ-5ರ ಗೇಮಿಂಗ್ ಲಕ್ಷಣಗಳಲ್ಲೂ ಇಂಥ ಸಂದಿಗಳಿವೆ. ಎಷ್ಟು ಆಡುತ್ತೇನೆ ಎಂಬುದರ ಬಗ್ಗೆ ಮನೆಯವರಿಗೆ ಸುಳ್ಳು ಹೇಳುವುದು ಒಂದು ಲಕ್ಷಣ. ಅರ್ಧ ಗಂಟೆ ಆಡಿದರೂ ಬೈಯುವ ಮನೆಯ ಮಗು ಸುಳ್ಳು ಹೇಳುತ್ತದೆ. ನಾಲ್ಕು ಗಂಟೆ ಆಡಿದರೂ ಕೇಳುವವರಿಲ್ಲದ ಮನೆಯ ಮಗುವಿಗೆ ಸುಳ್ಳಿನ ಅಗತ್ಯವೇ ಇಲ್ಲ. ಆ ಪ್ರಶ್ನೆ ಅಳೆಯುವುದು ಮಗುವನ್ನಷ್ಟೇ ಅಲ್ಲ, ಮನೆಯ ಶಿಸ್ತನ್ನೂ. ಇನ್ನೊಂದು ಲಕ್ಷಣ, ಆಟ ಕಿತ್ತುಕೊಂಡಾಗ ಆಗುವ ಸಿಡುಕು. ಕುಡಿತ ಬಿಟ್ಟವರ ಕೈ ನಡುಗುವುದಕ್ಕೂ ಸ್ನೇಹಿತರ ಜೊತೆ ಆಟದ ಮಧ್ಯದಲ್ಲಿದ್ದ ಹುಡುಗನ ಕೈಯಿಂದ ಫೋನ್ ಕಿತ್ತಾಗ ಅವನು ಕೂಗಾಡುವುದಕ್ಕೂ ಒಂದೇ ಹೆಸರಿಡುವುದು ಅವಸರದ ಕೆಲಸ.

ಗಂಟೆಗಳ ಲೆಕ್ಕವಂತೂ ನಂಬಲು ಲಾಯಕ್ಕಿಲ್ಲ. ಜನ ತಾವಾಗಿ ಹೇಳಿದ ಬಳಕೆಯನ್ನು ಸಾಧನ ದಾಖಲಿಸಿದ ಬಳಕೆಯೊಂದಿಗೆ ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆ, ಎರಡರ ನಡುವಿನ ಹೊಂದಾಣಿಕೆ ಸಾಧಾರಣ ಎಂದು ಕಂಡುಕೊಂಡಿತು. ಕೆಲವರು ಹೆಚ್ಚು ಹೇಳುತ್ತಾರೆ, ಕೆಲವರು ಕಡಿಮೆ.

2016ರಲ್ಲಿ ಸಂಶೋಧಕರ ಒಂದು ಗುಂಪು ಗೇಮಿಂಗ್ ಕಾಯಿಲೆಯನ್ನು ಪಟ್ಟಿಗೆ ಸೇರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಸ್ತಾವವನ್ನು ಬಹಿರಂಗವಾಗಿ ವಿರೋಧಿಸಿತು. ಪುರಾವೆ ಬಲಿತಿಲ್ಲ, ಸಾಮಾನ್ಯ ಮಕ್ಕಳ ಮೇಲೂ ರೋಗದ ಹಣೆಪಟ್ಟಿ ಬೀಳುತ್ತದೆ ಎಂಬುದು ಅವರ ಆತಂಕ. ಮರುವರ್ಷ ಅಮೆರಿಕ, ಬ್ರಿಟನ್, ಕೆನಡಾ, ಜರ್ಮನಿಗಳಲ್ಲಿ ಸುಮಾರು 19 ಸಾವಿರ ಜನರನ್ನು ಕೇಳಿದ ಅಧ್ಯಯನ, ಗೇಮಿಂಗ್ ಕಾಯಿಲೆಯ ಮಾನದಂಡಕ್ಕೆ ಹೊಂದಬಹುದಾದವರು ಶೇ 0.3ರಿಂದ ಶೇ 1 ಎಂದಿತು. ಬೇರೆ ಪ್ರಶ್ನಾವಳಿ ಹಿಡಿದು ಹೋದವರು ಇದರ ಹಲವು ಪಟ್ಟು ಕಂಡಿದ್ದಾರೆ. ಗೋಲು ಬದಲಾದಂತೆ ರೋಗಿಗಳ ಸಂಖ್ಯೆ ಬದಲಾಗುತ್ತದೆ ಎಂದಾದರೆ ತಪ್ಪು ಗೋಲಿನದೇ.

ಸಾವಿರ ಜನರ ಲೆಕ್ಕ

ಇಲ್ಲೊಂದು ಚಿಕ್ಕ ಲೆಕ್ಕ ಮಾಡಿ ನೋಡಬೇಕು. ಅಂಕಿಗಳು ಉದಾಹರಣೆಗೆ ಮಾತ್ರ. ಸಾವಿರ ಜನರಲ್ಲಿ 20 ಮಂದಿಗೆ ನಿಜವಾಗಿ ತೊಂದರೆ ಇದೆ ಎಂದುಕೊಳ್ಳಿ. ಪ್ರಶ್ನಾವಳಿ ಬಹಳ ಚೆನ್ನಾಗಿದೆ: ತೊಂದರೆ ಇರುವ ನೂರರಲ್ಲಿ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಆಗ 20ರಲ್ಲಿ 18 ಮಂದಿ ಸಿಗುತ್ತಾರೆ. ಉಳಿದ 980ರಲ್ಲಿ ಹತ್ತನೇ ಒಂದು ಪಾಲು, ಎಂದರೆ 98 ಮಂದಿಗೂ ‘ಚಟವಿದೆ’ ಎಂದು ಬರುತ್ತದೆ. ಒಟ್ಟು 116 ಜನರಲ್ಲಿ ನಿಜವಾದವರು ಬರೀ 18. ಆರು ಜನರನ್ನು ಕರೆದು ಕೂರಿಸಿದರೆ ಐವರನ್ನು ಸುಮ್ಮನೆ ಹೆದರಿಸಿದಂತೆ.

ಅದೇ ಹಾಳೆಯನ್ನು, ತೊಂದರೆ ಇರುವವರು ಸಾವಿರಕ್ಕೆ 200 ಮಂದಿ ಇರುವ ಕಡೆ ಕೊಡಿ. ಹಿಡಿಯುವುದು 180, ತಪ್ಪಾಗಿ ಹಿಡಿಯುವುದು 80. ಈಗ ಹತ್ತರಲ್ಲಿ ಏಳು ಸರಿ. ಹಾಳೆ ಬದಲಾಗಿಲ್ಲ, ಎದುರಿಗಿರುವ ಜನ ಬದಲಾಗಿದ್ದಾರೆ. ಶಾಲೆಯ ಎಲ್ಲ ಮಕ್ಕಳಿಗೂ ಹಂಚಿದ ಪ್ರಶ್ನಾವಳಿಗೂ ಮನೋವೈದ್ಯರ ಕೊಠಡಿಯಲ್ಲಿ ಅನುಮಾನ ಬಂದ ಮೇಲೆ ಕೊಟ್ಟ ಪ್ರಶ್ನಾವಳಿಗೂ ಇರುವ ವ್ಯತ್ಯಾಸ ಇದು. ಎರಡು ಪಕ್ಷಗಳ ಜಗಳದಲ್ಲಿ ಅರ್ಧದಷ್ಟು, ಯಾರ ಕೈಗೆ ಹಾಳೆ ಕೊಡುತ್ತಿದ್ದೇವೆ ಎಂಬುದನ್ನು ಹೇಳದೆ ಮಾತಾಡುವುದರಿಂದ ಹುಟ್ಟಿದ್ದು.

ಯಾವುದನ್ನು ತಪಾಸಣೆ ಮಾಡಬೇಕು ಎಂಬುದಕ್ಕೆ 1968ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಹತ್ತು ಸೂತ್ರಗಳನ್ನು ಇಂದಿಗೂ ಬಳಸುತ್ತಾರೆ. ಕಾಯಿಲೆಯ ಸ್ವಭಾವ ಚೆನ್ನಾಗಿ ತಿಳಿದಿರಬೇಕು, ತಕ್ಕ ಪರೀಕ್ಷೆ ಇರಬೇಕು, ಪತ್ತೆಯಾದವರಿಗೆ ಒಪ್ಪಿತ ಚಿಕಿತ್ಸೆ ಇರಬೇಕು, ಅದನ್ನು ಕೊಡುವ ವ್ಯವಸ್ಥೆಯೂ ಇರಬೇಕು. ‘ಇಂಟರ್ನೆಟ್ ಚಟ’ ಎಂಬ ಇಡಿಗಂಟು ಇದರಲ್ಲಿ ಮೊದಲನೆಯದಕ್ಕೇ ಎಡವುತ್ತದೆ. ಗೇಮಿಂಗ್ ಸ್ವಲ್ಪ ದೂರ ನಡೆಯುತ್ತದೆ. ಆನ್‌ಲೈನ್ ಜೂಜು ಬಹುತೇಕ ದಾಟಿಬಿಡುತ್ತದೆ.

ಒಂದೇ ಅಂಕ, ಇಬ್ಬರು

ನೂರಕ್ಕೆ 62 ಅಂಕ ಬಂದ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬಾಕೆ ಸಂಶೋಧನಾ ವಿದ್ಯಾರ್ಥಿನಿ. ತಾಯಿ ತೀರಿಕೊಂಡು ನಾಲ್ಕು ತಿಂಗಳಾಗಿದೆ. ರಾತ್ರಿ ಮಲಗಿದರೆ ಆಸ್ಪತ್ರೆಯ ನೆನಪು. ಹಾಗಾಗಿ ನಿದ್ದೆ ತಾನಾಗಿ ಬೀಳುವವರೆಗೆ ವಿಡಿಯೊ ನೋಡುತ್ತಾಳೆ. ಇನ್ನೊಬ್ಬ ಹತ್ತೊಂಬತ್ತರ ಹುಡುಗ. ಚಿಕ್ಕಂದಿನಿಂದ ಒಂದು ಕಡೆ ಕೂತವನಲ್ಲ, ಪಾಠದಲ್ಲಿ ಗಮನ ನಿಲ್ಲುತ್ತಿರಲಿಲ್ಲ. ಕ್ಷಣಕ್ಷಣಕ್ಕೂ ಹೊಸದು ಕೊಡುವ ಆಟ ಅವನನ್ನು ಹಿಡಿದು ಕೂರಿಸಿದೆ, ಎರಡು ವರ್ಷದಿಂದ ಬಿಟ್ಟಿಲ್ಲ. ಪರೀಕ್ಷೆಗಳು ತಪ್ಪಿವೆ, ಸ್ನೇಹಿತರು ದೂರವಾಗಿದ್ದಾರೆ.

ಅವಳಿಗೆ ಬೇಕಾದದ್ದು ದುಃಖದ ಜೊತೆ ಕೂರುವ ಯಾರಾದರೊಬ್ಬರು. ಫೋನನ್ನು ಮೊದಲು ಕಿತ್ತುಕೊಂಡರೆ ಊರುಗೋಲು ಕಿತ್ತಂತೆ. ಅವನಲ್ಲಿ ಗಮನ ಕೊರತೆಯ ಸಮಸ್ಯೆ ಇದೆಯೇ ಎಂದು ಮೊದಲು ನೋಡಬೇಕು. ತೈವಾನ್‌ನಲ್ಲಿ 2,293 ಹದಿಹರೆಯದವರನ್ನು ಎರಡು ವರ್ಷ ಹಿಂಬಾಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದೆ ಇಂಟರ್ನೆಟ್ ಚಟದ ಅಂಕ ಮುಟ್ಟುವವರು ಯಾರು ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ಗಮನ ಕೊರತೆ–ಅತಿಚಟುವಟಿಕೆ ಮತ್ತು ಹಗೆತನದ ಸ್ವಭಾವ. ಇಂಥವರಲ್ಲಿ ಪರದೆ ಬರುವ ಮುಂಚೆಯೇ ತೊಂದರೆ ಬಂದಿರುತ್ತದೆ. ಹಾಗೆಂದು ಪರದೆ ನಿರಪರಾಧಿಯೂ ಅಲ್ಲ: ನಿದ್ದೆಗೆಟ್ಟರೆ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸು ಮತ್ತೆ ಪರದೆಯನ್ನೇ ಹುಡುಕುತ್ತದೆ, ಮರುದಿನದ ಕೆಲಸ ಉಳಿಯುತ್ತದೆ, ಉಳಿದ ಕೆಲಸದ ಭಯ ಅಂದು ರಾತ್ರಿಯೂ ಅಲ್ಲಿಗೇ ತಳ್ಳುತ್ತದೆ. 62 ಎಂಬ ಅಂಕಿ ಈ ಸುತ್ತು ಎಲ್ಲಿಂದ ಶುರುವಾಯಿತು ಎಂದು ಹೇಳಲಾರದು.

ಹಣೆಪಟ್ಟಿಯ ಬೆಲೆ

ಅಂಕ ಹಾಳೆಯಲ್ಲೇ ಉಳಿಯುವುದಿಲ್ಲ. ಕೆಟ್ಟ ಉದಾಹರಣೆ ಚೀನಾದ್ದು. ಮಕ್ಕಳ ಚಟ ಬಿಡಿಸುತ್ತೇವೆಂದು ಸೈನಿಕ ಶಿಸ್ತಿನ ಶಿಬಿರಗಳು ಎದ್ದವು, ಕೆಲವು ಕಡೆ ವಿದ್ಯುತ್ ಆಘಾತ ಕೊಟ್ಟರು. 2009ರಲ್ಲಿ ಆರೋಗ್ಯ ಸಚಿವಾಲಯ ಅದನ್ನು ನಿಲ್ಲಿಸಲು ಹೇಳಬೇಕಾಯಿತು. ಅದೇ ವರ್ಷ ಒಂದು ಶಿಬಿರದಲ್ಲಿ ಹುಡುಗನೊಬ್ಬ ಹೊಡೆತಕ್ಕೆ ಸತ್ತಿದ್ದ. ಕಳಿಸಿದವರು ತಂದೆ ತಾಯಿಯರೇ, ಒಳ್ಳೆಯದಾಗಲಿ ಎಂದೇ. ದಕ್ಷಿಣ ಕೊರಿಯಾ 2011ರಲ್ಲಿ 16ರೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ನಿಷೇಧಿಸಿತು. ಹತ್ತು ವರ್ಷ ನೋಡಿ ಅದನ್ನು ಕೈಬಿಟ್ಟಿತು.

ಸಾಮಾನ್ಯ ಚಿಕಿತ್ಸಾ ಕೊಠಡಿಯಲ್ಲಿ ಹಾನಿ ಇಷ್ಟು ಒರಟಾಗಿರುವುದಿಲ್ಲ, ಆದರೆ ಇರುತ್ತದೆ. ‘ಚಟ’ ಎಂದು ಬರೆದ ಮೇಲೆ ಮನೆಯವರ ಕಣ್ಣು ಫೋನಿನ ಮೇಲೆ ನಿಲ್ಲುತ್ತದೆ. ಅದರ ಹಿಂದಿನ ಖಿನ್ನತೆ, ಶಾಲೆಯ ಕಿರುಕುಳ, ತಂದೆ ತಾಯಿಯರ ಜಗಳ ಯಾರಿಗೂ ಕಾಣುವುದಿಲ್ಲ. ಮದ್ಯದಂತೆ ಪೂರ್ತಿ ಬಿಡಿ ಎನ್ನುವಂತೆಯೂ ಇಲ್ಲ. ಓದು, ಬ್ಯಾಂಕು, ನೌಕರಿ ಎಲ್ಲ ಅಲ್ಲೇ ಇವೆ. ಎಷ್ಟೋ ಸಲ ಆಪ್ತಸಮಾಲೋಚನೆಯೂ ವಿಡಿಯೊ ಕರೆಯಲ್ಲೇ ನಡೆಯುತ್ತದೆ. ಅತಿಯಾಗಿ ತಿನ್ನುವವರ ಚಿಕಿತ್ಸೆಯ ಹಾಗೆ, ಬಿಡಿಸಬೇಕಾದ್ದು ಒಂದು ಬಗೆಯ ಬಳಕೆಯನ್ನು ಮಾತ್ರ.

ಪ್ರಶ್ನೆ ಎಲ್ಲರಿಗೂ, ಹಾಳೆ ಕೆಲವರಿಗೆ

ಎರಡೂ ಕಡೆ ಕೇಳಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ: ಕೇಳುವುದೂ ಅಂಕ ಹಾಕುವುದೂ ಒಂದೇ ಅಲ್ಲ. ನಿದ್ದೆ, ಊಟ, ಕುಡಿತದ ಬಗ್ಗೆ ಕೇಳುವಂತೆ ಆನ್‌ಲೈನ್ ಬದುಕಿನ ಬಗ್ಗೆಯೂ ಎಲ್ಲರನ್ನೂ ಕೇಳಬೇಕು. ಅದಕ್ಕೆ ಯಾವ ಕೈಪಿಡಿಯ ಅಪ್ಪಣೆಯೂ ಬೇಕಿಲ್ಲ. ಮೊದಲ ದಿನದ ಅರ್ಜಿಯ ಜೊತೆ ಅಂಕಪಟ್ಟಿ ಹೊಲಿಯುವುದು ಮಾತ್ರ ಬೇಡ.

ಕೇಳುವ ಬಗೆ ಮುಖ್ಯ. ಎಷ್ಟು ಹೊತ್ತು ಎಂದರೆ ಸುಳ್ಳೋ ಅಂದಾಜೋ ಬರುತ್ತದೆ. ‘ನಿನ್ನೆ ರಾತ್ರಿ ದೀಪ ಆರಿಸಿದ ಮೇಲೆ ಏನು ಮಾಡಿದಿರಿ?’ ಎಂದರೆ ಒಂದು ರಾತ್ರಿ ಇಡಿಯಾಗಿ ಬರುತ್ತದೆ. ಫೋನ್ ಕೈಗೆತ್ತಿಕೊಳ್ಳುವ ಮುಂಚಿನ ಗಳಿಗೆಯಲ್ಲಿ ಮನಸ್ಸು ಹೇಗಿತ್ತು, ಇಟ್ಟ ಮೇಲೆ ಹೇಗಾಯಿತು, ಈ ಆರು ತಿಂಗಳಲ್ಲಿ ಇದಕ್ಕಾಗಿ ಯಾವುದನ್ನು ಬಿಟ್ಟಿರಿ, ಹಣ ಹೋಗಿದೆಯೇ, ಅಲ್ಲಿ ನಿಮ್ಮನ್ನು ಹೆದರಿಸುವವರು ಯಾರಾದರೂ ಇದ್ದಾರೆಯೇ. ಫೋನೇ ಇಟ್ಟ ಬಳಕೆಯ ಲೆಕ್ಕವನ್ನು, ಅವರು ಒಪ್ಪಿದರೆ, ಜೊತೆಯಲ್ಲಿ ನೋಡಬಹುದು. ಇಷ್ಟರಲ್ಲಿ ಆಟವೋ ಜೂಜೋ ಜಾಲತಾಣವೋ ಎಂಬುದು ಬೇರ್ಪಡುತ್ತದೆ. ಪ್ರಶ್ನಾವಳಿಯ ಸರದಿ ಆಮೇಲೆ, ಅದೂ ಆ ನಿರ್ದಿಷ್ಟ ವರ್ತನೆಯದು: ಗೇಮಿಂಗ್‌ಗೆ 9 ಪ್ರಶ್ನೆಗಳ ಚಿಕ್ಕ ಮಾಪಕವಿದೆ, ಸಾಮಾಜಿಕ ಜಾಲತಾಣಕ್ಕೆ ನಾರ್ವೆಯ ಬರ್ಗೆನ್‌ನಲ್ಲಿ ರೂಪಿಸಿದ 6 ಪ್ರಶ್ನೆಗಳದ್ದು ಇದೆ. ಒಬ್ಬರದೇ ಅಂಕವನ್ನು ಎಂಟು ವಾರದ ನಂತರ ಮತ್ತೆ ತೆಗೆದು ಇಳಿದಿದೆಯೇ ಎಂದು ನೋಡಲು ಇವು ಉಪಯುಕ್ತ. ಖಿನ್ನತೆ, ಆತಂಕ, ಗಮನ ಕೊರತೆ ನೋಡದೆ ಚಟ ಎಂದು ಬರೆಯುವುದಂತೂ ಆಗಕೂಡದು.

ಕಾನೂನು ಬಂದ ಮೇಲೆ

ವಯೋಮಿತಿಯ ಕಾನೂನುಗಳು ಹರಡಿದಂತೆ ಈ ಸಂಭಾಷಣೆಗೆ ಹೊಸ ಅಡ್ಡಿಯೊಂದು ಬರಲಿದೆ. ಆಸ್ಟ್ರೇಲಿಯಾದ ಕಾನೂನಿನಲ್ಲಿ ದಂಡ ಕಂಪನಿಗೆ, ಮಗುವಿಗೂ ಇಲ್ಲ, ಹೆತ್ತವರಿಗೂ ಇಲ್ಲ. ಆದರೆ ಅಣ್ಣನ ಖಾತೆಯಲ್ಲೋ ಸುಳ್ಳು ಜನ್ಮದಿನಾಂಕ ಕೊಟ್ಟೋ ಒಳಹೊಕ್ಕ ಹದಿನಾಲ್ಕರ ಹುಡುಗಿ ಕಾನೂನಿನ ಕಲಮು ಓದಿರುವುದಿಲ್ಲ. ಸಮಾಲೋಚಕರು ‘ಯಾವ ಜಾಲತಾಣದಲ್ಲಿದ್ದೀಯ?’ ಎಂದಾಗ ಅವಳಿಗೆ ಕೇಳಿಸುವುದು ವಿಚಾರಣೆ. ಯಾವುದರಲ್ಲೂ ಇಲ್ಲ ಎನ್ನುತ್ತಾಳೆ. ಪ್ರಶ್ನಾವಳಿ ಅವಳಿಗೆ ಸೊನ್ನೆ ಕೊಡುತ್ತದೆ, ಅಪರಿಚಿತನೊಬ್ಬ ಅವಳ ಚಿತ್ರ ಹಿಡಿದು ಬೆದರಿಸುತ್ತಿದ್ದರೆ ಆ ಮಾತು ಅಲ್ಲಿಗೇ ಮುಚ್ಚಿಹೋಗುತ್ತದೆ. ಹಾಗಾಗಿ ಹಾಳೆ ಕೈಗೆ ಕೊಡುವ ಮೊದಲು ಆ ಕೊಠಡಿಯಲ್ಲಿ ಹೇಳಬೇಕಾದದ್ದು, ಇಲ್ಲಿ ಹೇಳಿದ್ದರಲ್ಲಿ ಯಾವುದು ಯಾರ ಕಿವಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು.